ಪುಸ್ತಕಕ್ಕೆ ನಂಬರ್ ಕೊಡೋದು ಹೇಗೆ? ವರ್ಗೀಕರಣ, ಸೂಚೀಕರಣ ಮೊದಲಿಂದ ಕಲಿಯೋರಿಗೆ

ತುಮಕೂರು, ಶಿರಾ, ಕುಣಿಗಲ್ ಕಡೆಯಿಂದ, ಈಚೆಗೆ ಚಿಂತಾಮಣಿ, ಮುಳಬಾಗಿಲು ಕಡೆಯಿಂದಲೂ ಒಂದೇ ಪ್ರಶ್ನೆ ಪದೇ ಪದೇ ಬರ್ತಾ ಇದೆ. ಲೈಬ್ರರಿ ಸೈನ್ಸ್ ಓದ್ತಿರೋ ಮಕ್ಕಳು ಕೇಳೋದು "ಡ್ಯೂಯಿ ಮೊದ್ಲು ಕಲೀಬೇಕಾ, ಕೋಲನ್ ಮೊದ್ಲಾ" ಅಂತ (ಎರಡೂ ಪುಸ್ತಕಕ್ಕೆ ನಂಬರ್ ಕೊಡೋ ಪದ್ಧತಿಗಳು). ಪಂಚಾಯ್ತಿ ಅರಿವು ಕೇಂದ್ರ (ಹಳ್ಳಿ ಲೈಬ್ರರಿ) ನೋಡ್ಕೊಳ್ಳೋರು, ಪಾಠದ ಜೊತೆಗೆ ಲೈಬ್ರರಿ ಚಾರ್ಜೂ ಹೊತ್ಕೊಂಡಿರೋ ಹೈಸ್ಕೂಲ್ ಮೇಷ್ಟ್ರುಗಳು ಕೇಳೋದು "ಬೀರು ತುಂಬಾ ಪುಸ್ತಕ ಇದೆ, ಯಾವ್ದು ಎಲ್ಲಿದೆ ಗೊತ್ತಾಗಲ್ಲ, ಎಲ್ಲಿಂದ ಶುರು ಮಾಡೋದು" ಅಂತ. ಇಬ್ಬರಿಗೂ ಒಂದೇ ಕಡೆ ಉತ್ತರ ಬರೀತಿದೀನಿ, ಯಾಕಂದ್ರೆ ಇಬ್ಬರೂ ಕಲೀಬೇಕಿರೋ ಕೆಲಸ ಒಂದೇ.

ಮೊದ್ಲು ಎರಡು ಪದ ಬಿಡಿಸ್ಕೊಳ್ಳೋಣ. ವರ್ಗೀಕರಣ ಅಂದ್ರೆ ಪುಸ್ತಕ ಯಾವ ವಿಷಯದ್ದು ಅಂತ ತೀರ್ಮಾನ ಮಾಡಿ, ಅದಕ್ಕೊಂದು ನಂಬರ್ ಕೊಟ್ಟು, ರ್ಯಾಕಲ್ಲಿ ಒಂದು ಜಾಗ ಗೊತ್ತುಮಾಡೋದು. ಸೂಚೀಕರಣ ಅಂದ್ರೆ ಆ ಪುಸ್ತಕದ ವಿವರ ಸೂಚಿಯಲ್ಲಿ (ಕ್ಯಾಟಲಾಗಲ್ಲಿ) ಬರೆದಿಟ್ಟು, ಹುಡುಕ್ಕೊಂಡು ಬರೋರಿಗೆ ಹಲವು ದಾರಿ ಮಾಡಿಕೊಡೋದು. ಪುಸ್ತಕ ಇರೋದು ಒಂದು ಜಾಗದಲ್ಲಿ, ಆದ್ರೆ ಒಬ್ಬರು ಲೇಖಕರ ಹೆಸರು ಹೇಳ್ಕೊಂಡು ಬರ್ತಾರೆ, ಇನ್ನೊಬ್ಬರು ಅರ್ಧ ಶೀರ್ಷಿಕೆ, ಮತ್ತೊಬ್ಬರು ಬರೀ "ರೇಷ್ಮೆ ಹುಳದ ರೋಗದ ಬಗ್ಗೆ ಏನಾದ್ರೂ ಇದ್ಯಾ ಸಾರ್" ಅಂತ, ಮೂವರಿಗೂ ಅದೇ ಪುಸ್ತಕ ಸಿಗಬೇಕು.

ಡ್ಯೂಯಿ ಮೊದ್ಲಾ ಕೋಲನ್ ಮೊದ್ಲಾ ಅನ್ನೋದಕ್ಕೆ ನನ್ನ ಉತ್ತರ: ಕೈ ಕೆಲಸಕ್ಕೆ ಡ್ಯೂಯಿ, ಯೋಚನೆಗೆ ರಂಗನಾಥನ್, ಎರಡೂ ಒಟ್ಟಿಗೇ. ಮೆಲ್ವಿಲ್ ಡ್ಯೂಯಿ ಅಮೆರಿಕದಲ್ಲಿ 1876ರಲ್ಲಿ ತಂದ ದಶಮಾಂಶ ಪದ್ಧತಿ ನಮ್ಮ ಕಡೆ ಬಹಳಷ್ಟು ಲೈಬ್ರರಿಗಳಲ್ಲಿ ಬಳಕೇಲಿದೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದೋರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ್ರು, 1933ರಲ್ಲಿ ಕೋಲನ್ ಪದ್ಧತಿ ಪ್ರಕಟಿಸಿದ್ರು, ಕೊನೇ ವರ್ಷಗಳನ್ನ ಬೆಂಗಳೂರಲ್ಲೇ ಕಳೆದ್ರು, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಕಟ್ಟಿದ್ರು. ಅವರ ಹುಟ್ಟುಹಬ್ಬ ಆಗಸ್ಟ್ 12ನ್ನೇ ನಾವು ಗ್ರಂಥಪಾಲಕರ ದಿನ ಅಂತ ಆಚರಿಸೋದು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೇದು ಓದುಗರ ಸಮಯ ಉಳಿಸಿ ಅನ್ನೋದು. ಕೆಳಗೆ ಎಲ್ಲೇ ಅನುಮಾನ ಬಂದ್ರೂ ಆ ಸೂತ್ರಕ್ಕೆ ವಾಪಸ್ ಹೋಗಿ: ಈ ಪುಸ್ತಕ ಬೇಕಾದೋರು ಮೊದ್ಲು ಯಾವ ರ್ಯಾಕ್ ಹತ್ರ ನಿಂತ್ಕೋತಾರೆ?

ಏನೇನು ಬೇಕು

ಡ್ಯೂಯಿ ಪುಸ್ತಕ ಬೇಕು. ಪೂರ್ತಿ ಆವೃತ್ತಿ, ಅಂದ್ರೆ 2011ರ 23ನೇದು, ನಾಲ್ಕು ಸಂಪುಟ. ಚಿಕ್ಕ ಲೈಬ್ರರಿಗೆ ಅದು ಬೇಡ, ಸಂಕ್ಷಿಪ್ತ ಆವೃತ್ತಿ ಒಂದೇ ಸಂಪುಟದ್ದು ಸಾಕು, ಅದರ 15ನೇದು 2012ರಲ್ಲಿ ಬಂತು, ಸುಮಾರು 20,000 ಶೀರ್ಷಿಕೆ ತನಕ ಇರೋ ಲೈಬ್ರರಿಗಳಿಗೆ ಅಂತಲೇ ಮಾಡಿರೋದು. ಕಲಿಯೋಕಾದ್ರೆ ಹಳೇ ಆವೃತ್ತಿ ಸಿಕ್ಕರೂ ತೊಂದ್ರೆ ಇಲ್ಲ, ಕಾಲೇಜ್ ಲೈಬ್ರರೀಲಿ ಕೂತು ನೋಡಬಹುದು. ಜೊತೆಗೆ ಒಂದು ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕವನ್ನ ಬಂದ ಕ್ರಮದಲ್ಲೇ ದಾಖಲು ಮಾಡೋ ದಪ್ಪ ಪುಸ್ತಕ), ಪೆನ್ಸಿಲ್, ಸ್ಪೈನ್ ಲೇಬಲ್ (ಪುಸ್ತಕದ ಬೆನ್ನಿಗೆ ಅಂಟಿಸೋ ಚೀಟಿ), ಮತ್ತೆ 200 ಪುಟದ ಒಂದು ಮಾಮೂಲಿ ನೋಟ್‌ಬುಕ್. ಈ ನೋಟ್‌ಬುಕ್ಕನ್ನ ತೀರ್ಮಾನದ ಪುಸ್ತಕ ಅಂತ ಕರೀತೀನಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

1. ಮೊದ್ಲು ರಿಜಿಸ್ಟರ್

ನಂಬರ್ ಕೊಡೋ ಉತ್ಸಾಹದಲ್ಲಿ ಇದನ್ನ ಹಾರಿಸ್ಬೇಡಿ. ಪ್ರತಿ ಪ್ರತಿಗೂ ಒಂದು ಅಕ್ಸೆಷನ್ ನಂಬರ್, ಒಂದೇ ಪುಸ್ತಕದ ಐದು ಪ್ರತಿ ಇದ್ರೆ ಐದು ನಂಬರ್. ತಾರೀಕು, ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ, ಬೆಲೆ, ಎಲ್ಲಿಂದ ಬಂತು, ಬಿಲ್ ನಂಬರ್ ಬರೀರಿ. ಕಳೆದುಹೋದ ಪುಸ್ತಕದ ನಂಬರನ್ನ ಹೊಸ ಪುಸ್ತಕಕ್ಕೆ ಕೊಡಲೇಬೇಡಿ, ಆಮೇಲೆ ಸ್ಟಾಕ್ ವೆರಿಫಿಕೇಷನ್ ಟೈಮಲ್ಲಿ ಲೆಕ್ಕ ತಾಳೆ ಆಗಲ್ಲ.

2. ಪುಸ್ತಕ ಯಾವುದರ ಬಗ್ಗೆ ಅಂತ ಒಂದು ವಾಕ್ಯದಲ್ಲಿ ಬರೀರಿ

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ, ಜನ ಅವಸರ ಮಾಡೋದೂ ಇಲ್ಲೇ. ಶೀರ್ಷಿಕೆ ನೋಡಿ ನಂಬರ್ ಹಾಕಬೇಡಿ. ಶೀರ್ಷಿಕೆ ಓದಿ, ಪರಿವಿಡಿ ಓದಿ, ಮುನ್ನುಡಿ ಓದಿ, ಬೆನ್ನುಡಿ ಓದಿ, ಸಾಲದಿದ್ರೆ ನಡುವಿನ ಎರಡು ಪುಟ ಓದಿ, ಆಮೇಲೆ ಪೆನ್ಸಿಲಲ್ಲಿ ಒಂದು ವಾಕ್ಯ ಬರೀರಿ, "ಈ ಪುಸ್ತಕ ಇಂಥದ್ದರ ಬಗ್ಗೆ" ಅಂತ.

ಕೋಲಾರದ ಉದಾಹರಣೆ ತಗೊಳ್ಳಿ. ಮುಖಪುಟದ ಮೇಲೆ ಕೆಜಿಎಫ್ ಚಿನ್ನದ ಗಣಿ ಅಂತ ಇರೋ ನಾಲ್ಕು ಪುಸ್ತಕ ನಿಮ್ಮ ಮುಂದೆ ಇವೆ ಅಂದ್ಕೊಳ್ಳಿ. ಒಂದರಲ್ಲಿ ಅದಿರು ತೆಗೆಯೋ ತಂತ್ರ, ಶಾಫ್ಟ್ ಇಳಿಸೋದು ಇದೆ, ಅದು ಗಣಿಗಾರಿಕೆ, 622.3422. ಇನ್ನೊಂದು ಗಣಿ ಕಾರ್ಮಿಕರ ಕೂಲಿ, ಸಂಘ, ಮುಷ್ಕರದ್ದು, ಅದು 331ರ ಕಾರ್ಮಿಕ ವಿಭಾಗಕ್ಕೆ. ಮೂರನೇದು ಆ ಊರು ಬೆಳೆದ ಬಗೆ, 2001ರಲ್ಲಿ ಗಣಿ ಮುಚ್ಚೋ ತನಕದ ಚರಿತ್ರೆ, ಅದು ಕರ್ನಾಟಕ ಇತಿಹಾಸ, 954.87. ನಾಲ್ಕನೇದು ಅಲ್ಲಿ ನಡೆಯೋ ಕಾದಂಬರಿ, ಅದರಲ್ಲಿ ಎಷ್ಟೇ ಗಣಿ ಇದ್ರೂ ಅದು ಕನ್ನಡ ಕಾದಂಬರಿ, 894.8143. ಶೀರ್ಷಿಕೆ ನಂಬಿದ್ರೆ ನಾಲ್ಕೂ ಒಂದೇ ಕಡೆ ಬಿದ್ದು, ನಾಲ್ಕು ಥರದ ಓದುಗರಿಗೂ ಸಿಗದಂಗಾಗ್ತಿತ್ತು.

ವಾಕ್ಯ ಬರೆಯೋಕೆ ರಂಗನಾಥನ್ ಅವರ ಐದು ಪ್ರಶ್ನೆ ತುಂಬಾ ಸಹಾಯ ಮಾಡತ್ತೆ. ಪರೀಕ್ಷೇಲಿ ಪಿಎಂಇಎಸ್‌ಟಿ (ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್) ಅಂತ ಬಾಯಿಪಾಠ ಮಾಡ್ತೀರಲ್ಲ, ಅದೇ. ಮುಖ್ಯ ವಸ್ತು ಏನು, ಅದು ಯಾವ ದ್ರವ್ಯದ್ದು ಅಥವಾ ಅದರ ಯಾವ ಗುಣ, ಅದಕ್ಕೆ ಏನು ಮಾಡ್ತಿದಾರೆ, ಎಲ್ಲಿ, ಯಾವಾಗ. "ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ 2015ರಲ್ಲಿ ಜಿಗಿಹುಳು ಹತೋಟಿ" ಅಂತ ಒಂದು ವರದಿ ಇದ್ರೆ ಮಾವು ಮುಖ್ಯ ವಸ್ತು, ಹತೋಟಿ ಕ್ರಿಯೆ, ಶ್ರೀನಿವಾಸಪುರ ಸ್ಥಳ, 2015 ಕಾಲ. ಐದೂ ಪ್ರತಿ ಪುಸ್ತಕದಲ್ಲಿ ಇರಲೇಬೇಕು ಅಂತಿಲ್ಲ, ಇಲ್ಲಿ ದ್ರವ್ಯ ಇಲ್ಲ ನೋಡಿ. ಕೋಲನ್ ಪದ್ಧತೀಲಿ ಇವನ್ನ ಕಾಮಾ, ಸೆಮಿಕೋಲನ್, ಕೋಲನ್, ಚುಕ್ಕಿ, ತಲೆಕೆಳಗಾದ ಕಾಮಾ ಹಾಕಿ ಜೋಡಿಸ್ತಾರೆ, ಶುರುವಲ್ಲಿ ಕೋಲನ್ ಚಿಹ್ನೆ ಒಂದೇ ಇದ್ದಿದ್ದಕ್ಕೆ ಆ ಹೆಸರು ಬಂತು. ನೀವು ಡ್ಯೂಯಿನೇ ಬಳಸಿದ್ರೂ ಹೀಗೆ ಒಡೆದು ನೋಡೋದು ಅಭ್ಯಾಸ ಆದ್ರೆ ಅರ್ಧ ಕೆಲಸ ಮುಗೀತು.

3. ಹತ್ತು ಮನೆ, ಆಮೇಲೆ ದಶಮಾಂಶ

ಡ್ಯೂಯಿಯಲ್ಲಿ ಹತ್ತು ಮುಖ್ಯ ವರ್ಗ. 000 ಕಂಪ್ಯೂಟರ್, ವಿಶ್ವಕೋಶ, ಸಾಮಾನ್ಯ ವಿಷಯ. 100 ತತ್ವಶಾಸ್ತ್ರ, ಮನಶ್ಶಾಸ್ತ್ರ. 200 ಧರ್ಮ. 300 ಸಮಾಜ ವಿಜ್ಞಾನ, ಇದರೊಳಗೇ ರಾಜಕೀಯ, ಅರ್ಥಶಾಸ್ತ್ರ, ಕಾನೂನು, ಶಿಕ್ಷಣ, ಜಾನಪದ. 400 ಭಾಷೆ. 500 ಶುದ್ಧ ವಿಜ್ಞಾನ. 600 ತಂತ್ರಜ್ಞಾನ, ಅಂದ್ರೆ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ, ಅಡುಗೆ. 700 ಕಲೆ, ಸಂಗೀತ, ಆಟೋಟ. 800 ಸಾಹಿತ್ಯ. 900 ಇತಿಹಾಸ, ಭೂಗೋಳ. ಇಷ್ಟನ್ನ ಬಾಯಿಪಾಠ ಮಾಡಿ, ಉಳಿದಿದ್ದನ್ನ ಪುಸ್ತಕ ನೋಡ್ಕೊಂಡೇ ಮಾಡಿ.

ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ, ಚುಕ್ಕಿ ಆದ್ಮೇಲಿನ ಅಂಕಿ. ಅದನ್ನ ಹದಿನಾರು, ನಲವತ್ನಾಲ್ಕು ಅಂತ ಓದಬೇಡಿ, ಒಂದೊಂದೇ ಅಂಕಿಯಾಗಿ ಓದಿ. 634.44 ಮಾವು, 634.6 ಉಷ್ಣವಲಯದ ಹಣ್ಣು-ಕಾಯಿಗಳ ಗುಂಪು. 44 ದೊಡ್ಡದು 6 ಚಿಕ್ಕದು ಅಂತ ಮಾವನ್ನ ಆಚೆ ಇಟ್ಟುಬಿಡ್ತಾರೆ, ಆದ್ರೆ ನಾಲ್ಕು ಆರಕ್ಕಿಂತ ಮುಂಚೆ ಬರೋದ್ರಿಂದ 634.44 ಮೊದ್ಲು, 634.6 ಆಮೇಲೆ, ಅದಾದ್ಮೇಲೆ 634.61 ತೆಂಗು. ರ್ಯಾಕ್ ಜೋಡಿಸೋ ಸಹಾಯಕರಿಗೆ ಇದನ್ನ ಹತ್ತು ಚೀಟಿ ಬರೆದು ಆಟದ ಥರ ಕಲಿಸಿ, ಒಂದು ಮಧ್ಯಾಹ್ನ ಸಾಕು. ಇನ್ನೊಂದು, ಚುಕ್ಕಿಗೆ ಮುಂಚೆ ಮೂರು ಅಂಕಿ ಇರಲೇಬೇಕು. ಕೃಷಿ 63 ಅಲ್ಲ, 630.

4. ನಂಬರ್ ಕಟ್ಟೋದು

ಮೊದ್ಲು ಡ್ಯೂಯಿ ಪುಸ್ತಕದ ಕೊನೇಲಿರೋ ಸಾಪೇಕ್ಷ ಸೂಚಿ ನೋಡಿ (ವಿಷಯದ ಹೆಸರು ಅಕಾರಾದಿ, ಎದುರಿಗೆ ನಂಬರ್). ಅಲ್ಲಿ ಸಿಕ್ಕಿದ್ದನ್ನ ಹಂಗೇ ಬರ್ಕೊಂಡುಬಿಡಬೇಡಿ, ಅನುಸೂಚಿಗೆ (ನಂಬರುಗಳು ಕ್ರಮವಾಗಿ ಇರೋ ಮುಖ್ಯ ಭಾಗ) ಹೋಗಿ ಆ ನಂಬರಿನ ಮೇಲೆ ಕೆಳಗೆ ಇರೋ ಟಿಪ್ಪಣಿ ಓದಿ ಖಾತ್ರಿ ಮಾಡ್ಕೊಳ್ಳಿ. ಸೂಚಿಯಿಂದ ನೇರ ನಂಬರ್ ಹಾಕೋದೇ ಅರ್ಧಕ್ಕರ್ಧ ತಪ್ಪುಗಳ ಮೂಲ ಅಂತ ನನ್ನ ಅನುಭವ.

ಆಮೇಲೆ ಕೋಷ್ಟಕ (ಮುಖ್ಯ ನಂಬರಿನ ಮುಂದೆ ಹಾಕೋ ಅಂಕಿಗಳ ಪಟ್ಟಿ) ಸೇರಿಸೋದು. ಶಿಡ್ಲಘಟ್ಟದ ಕಡೆಯೋರು ಹೆಚ್ಚು ಕೇಳೋ ರೇಷ್ಮೇನೇ ತಗೊಳ್ಳೋಣ. ರೇಷ್ಮೆ ಹುಳು ಸಾಕಣೆ 638.2. ಕೋಷ್ಟಕ 1ರಲ್ಲಿ 09 ಅಂದ್ರೆ ಇತಿಹಾಸ ಅಥವಾ ಪ್ರದೇಶದ ದೃಷ್ಟಿ. ಕೋಷ್ಟಕ 2ರಲ್ಲಿ ಕರ್ನಾಟಕ 5487. ಮೂರೂ ಸೇರಿಸಿದ್ರೆ ಕರ್ನಾಟಕದಲ್ಲಿ ರೇಷ್ಮೆ ಕೃಷಿ 638.2095487. ಕೃಷಿ ನಿಘಂಟು 630.3, ಅಲ್ಲಿ 03 ನಿಘಂಟಿನ ಗುರುತು, 630ರ ಕೊನೇ ಸೊನ್ನೆ ಅದರಲ್ಲೇ ಸೇರ್ಕೊಂಡಿದೆ. ಪರೀಕ್ಷೇಲಿ ಪೂರ್ತಿ ನಂಬರ್ ಬರೀರಿ. ಹಳ್ಳಿ ಲೈಬ್ರರೀಲಿ ರೇಷ್ಮೆ ಪುಸ್ತಕ ಹನ್ನೆರಡೇ ಇದ್ರೆ 638.2ಕ್ಕೆ ನಿಲ್ಲಿಸಿ, ಹತ್ತಂಕಿ ಲೇಬಲ್ ಯಾರಿಗೂ ಉಪಯೋಗ ಇಲ್ಲ.

ಎರಡು ವಿಷಯ ಸೇರಿರೋ ಪುಸ್ತಕ ಬಂದ್ರೆ ಏನ್ಮಾಡೋದು? ಇದಕ್ಕೆ ನಿಯಮ ಇದೆ, ಊಹೆ ಬೇಡ. ಒಂದು ವಿಷಯ ಇನ್ನೊಂದರ ಮೇಲೆ ಪ್ರಭಾವ ಬೀರೋ ಥರ ಇದ್ರೆ ಪ್ರಭಾವಕ್ಕೆ ಒಳಗಾದದ್ದರ ಕಡೆ ಹಾಕಿ. ಹಂಗಿಲ್ಲ ಅಂದ್ರೆ ಯಾವುದಕ್ಕೆ ಜಾಸ್ತಿ ಪುಟ ಕೊಟ್ಟಿದಾರೋ ಅದರ ಕಡೆ. ಎರಡೂ ಸಮ ಇದ್ರೆ ನಂಬರಿನಲ್ಲಿ ಮೊದ್ಲು ಬರೋದು, ಅಂದ್ರೆ ಮಾವು ಮತ್ತೆ ರೇಷ್ಮೆ ಸಮವಾಗಿದ್ರೆ 634.44. ಮೂರು ಅಥವಾ ಅದಕ್ಕಿಂತ ಜಾಸ್ತಿ, ಉದಾಹರಣೆಗೆ ಮಾವು, ತೆಂಗು, ರೇಷ್ಮೆ, ಹೈನುಗಾರಿಕೆ ಎಲ್ಲ ಇದ್ರೆ ಅವನ್ನೆಲ್ಲ ಒಳಗೊಳ್ಳೋ ಮೇಲಿನ ನಂಬರ್, 630.

ಎರಡು ಕಡೆ ಮನಸ್ಸು ಎಳೆದಾಗಲೆಲ್ಲ ಏನು ತೀರ್ಮಾನ ಮಾಡಿದ್ರಿ, ಯಾಕೆ ಅಂತ ತೀರ್ಮಾನದ ಪುಸ್ತಕದಲ್ಲಿ ತಾರೀಕು ಹಾಕಿ ಬರೀರಿ. ಆರು ತಿಂಗಳು ಬಿಟ್ಟು ಅಂಥದ್ದೇ ಪುಸ್ತಕ ಬಂದಾಗ ನೀವೇ ಬೇರೆ ನಂಬರ್ ಕೊಡ್ತೀರಿ, ನಿಮ್ಮ ಜಾಗಕ್ಕೆ ಬಂದೋರು ಮೂರನೇದು ಕೊಡ್ತಾರೆ. ಒಂದು ಸ್ವಲ್ಪ ತಪ್ಪು ನಂಬರನ್ನ ಎಲ್ಲ ಕಡೆ ಒಂದೇ ಥರ ಕೊಟ್ರೆ ಓದುಗರು ಹೊಂದ್ಕೋತಾರೆ, ಮೂರು ಸರಿ ನಂಬರಲ್ಲಿ ಹಂಚಿದ್ರೆ ಪುಸ್ತಕ ಕಳೆದಂಗೆ.

5. ಕನ್ನಡ ಸಾಹಿತ್ಯ

ನಮ್ಮ ಲೈಬ್ರರಿಗಳಲ್ಲಿ ಹೆಚ್ಚಿನ ಪುಸ್ತಕ ಇಲ್ಲೇ ಇರೋದ್ರಿಂದ ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಇಂಗ್ಲಿಷ್ ಸಾಹಿತ್ಯಕ್ಕೆ ಇಡೀ 820 ಬಿಟ್ಟುಕೊಟ್ಟಿರೋ ಈ ಪದ್ಧತಿ ದ್ರಾವಿಡ ಭಾಷೆಗಳನ್ನೆಲ್ಲ 894.8ರೊಳಗೆ ತುಂಬಿದೆ, ಇಷ್ಟು ಹಳೇ ಸಾಹಿತ್ಯ ಇರೋ ಭಾಷೆಗೆ ಇದು ಅನ್ಯಾಯ ಅಂತಲೇ ನಾನು ಹೇಳೋದು. ಬೇಕಾದ ಭಾಷೆಗೆ ಮುಂದಿನ ಜಾಗ ಕೊಡೋ ಐಚ್ಛಿಕ ದಾರಿ ಡ್ಯೂಯಿಯಲ್ಲೇ ಇದೆ, ಆದ್ರೆ ಬೇರೆ ಲೈಬ್ರರಿ ದಾಖಲೆಗೆ ನಿಮ್ಮದು ಹೊಂದಲ್ಲ, ಹಾಗಾಗಿ ಕಲಿಯೋರು ಮಾಮೂಲಿ ನಂಬರಲ್ಲೇ ಇರಿ.

ಕನ್ನಡ ಸಾಹಿತ್ಯ 894.814. ಅದರ ಮುಂದೆ 1 ಹಾಕಿದ್ರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ, 5 ಭಾಷಣ, 6 ಪತ್ರ, 7 ಹಾಸ್ಯ. ಸಾಹಿತ್ಯ ಚರಿತ್ರೆ 894.81409. ಭಾಷೆ ಬೇರೆ, ಸಾಹಿತ್ಯ ಬೇರೆ, ಕನ್ನಡ ವ್ಯಾಕರಣ, ನಿಘಂಟು 494.814ಕ್ಕೆ ಹೋಗ್ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಗಡಿ ತಾಲ್ಲೂಕುಗಳಲ್ಲಿ ತೆಲುಗು ಓದೋರು ಇದಾರೆ, ತೆಲುಗು 894.827. ಕೆಜಿಎಫ್ ಕಡೆ ತಮಿಳು, ಅದು 894.811. ಉರ್ದು ಈ ಗುಂಪಲ್ಲಿ ಬರಲ್ಲ, 891.439.

ಲೇಖಕರನ್ನ ನೋಡಿ ಸಾಹಿತ್ಯಕ್ಕೆ ಹಾಕೋದು ದೊಡ್ಡ ತಪ್ಪು. ಶಿವರಾಮ ಕಾರಂತರ ಕಾದಂಬರಿ ಇಲ್ಲಿಗೆ, ಯಕ್ಷಗಾನದ ಪುಸ್ತಕ 700ರ ಕಲೆಗೆ, ವಿಜ್ಞಾನದ್ದು 500ಕ್ಕೆ. ಮುಳಬಾಗಿಲಿನ ಡಿವಿಜಿ ಪದ್ಯ 894.8141, ರಾಜ್ಯಶಾಸ್ತ್ರ 320. ಕುಮಾರವ್ಯಾಸನ ಕಾವ್ಯ ಕಾವ್ಯದಲ್ಲೇ, ಮೂಲ ಮಹಾಭಾರತದ ಧಾರ್ಮಿಕ ವಿವರಣೆ 294.5923. ವಚನಗಳ ಸಂಗ್ರಹ ಕಾವ್ಯಕ್ಕೆ, ವಚನದ ಧರ್ಮತತ್ವ ಚರ್ಚೆ ಮಾಡೋ ಪುಸ್ತಕ 200ಕ್ಕೆ.

ಅನುವಾದದ ವಿಷಯ: ನಿಯಮದ ಪ್ರಕಾರ ಮೂಲ ಭಾಷೆಗೇ ಹೋಗ್ಬೇಕು, ಬಂಗಾಳಿ ಕಾದಂಬರಿಯ ಕನ್ನಡ ಅನುವಾದ 891.443. ಪರೀಕ್ಷೆಗೆ ಇದನ್ನೇ ಬರೀರಿ. ಆದ್ರೆ ಊರಿನ ಲೈಬ್ರರೀಲಿ ನಾನಾದ್ರೆ ಅದನ್ನ ಕನ್ನಡ ಕಾದಂಬರಿ ಜೊತೆಗೇ ಇಟ್ಟು, ಸೂಚಿಯಲ್ಲಿ ಅನುವಾದ ಅಂತ ತೋರಿಸ್ತೀನಿ, ಓದೋರು ಅಲ್ಲಿಗೇ ಬರೋದು. ತೀರ್ಮಾನದ ಪುಸ್ತಕದಲ್ಲಿ ಬರೆದಿಟ್ಟು ಎಲ್ಲ ಅನುವಾದಕ್ಕೂ ಹಾಗೇ ಮಾಡಿ.

6. ಲೇಬಲ್

ಕ್ಲಾಸ್ ನಂಬರ್ (ಇಲ್ಲೀ ತನಕ ಕಟ್ಟಿದ ವಿಷಯದ ನಂಬರ್) ಕೆಳಗೆ ಬುಕ್ ನಂಬರ್ (ಅದೇ ವಿಷಯದ ಪುಸ್ತಕಗಳನ್ನ ಬೇರೆ ಬೇರೆ ಮಾಡೋ ಗುರುತು), ಎರಡೂ ಸೇರಿದ್ರೆ ಕಾಲ್ ನಂಬರ್. ಇಂಗ್ಲಿಷ್ ಪುಸ್ತಕಕ್ಕೆ ಲೇಖಕರ ಹೆಸರಿಗೆ ಅಂಕಿ ಕೊಡೋ ಕಟರ್ ಕೋಷ್ಟಕ ಇದೆ, ಕನ್ನಡಕ್ಕೆ ಲೇಖಕರ ಹೆಸರಿನ ಮೊದಲೆರಡು ಅಕ್ಷರ ಸಾಕು. ಆದ್ರೆ ನಮ್ಮಲ್ಲಿ ವೆಂಕಟೇಶ, ವೆಂಕಟರಮಣ, ವೆಂಕಟಾಚಲ ಎಲ್ಲರೂ "ವೆಂಕ" ಆಗ್ತಾರೆ, ಹಾಗಾಗಿ ಶೀರ್ಷಿಕೆಯ ಮೊದಲಕ್ಷರನೂ ಸೇರಿಸಿ. ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆ ಪುಸ್ತಕಗಳಿಗೆ ಮೇಲೆ "ಸ್ಪ" ಅಂತ ಬರೆದು ಪ್ರತ್ಯೇಕ ರ್ಯಾಕ್ ಕೊಡಿ, ಮಕ್ಕಳ ಪುಸ್ತಕಕ್ಕೆ "ಮ", ಮನೆಗೆ ಕೊಡದ ಆಕರ ಗ್ರಂಥಕ್ಕೆ "ಆ".

7. ಸೂಚಿ ಬರೆಯೋದು

ಕಾರ್ಡ್ ಆದ್ರೆ 12.5 x 7.5 ಸೆಂ.ಮೀ., ಕಂಪ್ಯೂಟರ್ ಆದ್ರೆ ಖಾನೆಗಳು, ಬರೆಯೋ ವಿವರ ಹೆಚ್ಚುಕಮ್ಮಿ ಒಂದೇ. ಮಾಹಿತಿ ತಗೋಬೇಕಾಗಿರೋದು ಶೀರ್ಷಿಕೆ ಪುಟದಿಂದ (ಒಳಗಿನದು, ಹೊರಗಿನ ಕವರ್ ಬೇರೆ), ಅದರ ಹಿಂಬದಿಯಿಂದ. ಶೀರ್ಷಿಕೆ, ಲೇಖಕರು, ಆವೃತ್ತಿ, ಊರು, ಪ್ರಕಾಶಕರು, ವರ್ಷ, ಪುಟ, ಎತ್ತರ, ಮಾಲೆ, ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ನಂಬರ್). ಎತ್ತರ 21.3 ಬಂದ್ರೆ 22 ಸೆಂ.ಮೀ. ಅಂತ ಮೇಲಿನ ಪೂರ್ಣಾಂಕ ಬರೀಬೇಕು. ನಮ್ಮ ಪ್ರಕಾಶಕರು ಮೂರನೇ ಮುದ್ರಣ ಅಂತ ಹಾಕಿದ್ರೆ ಅದು ಮೂರನೇ ಆವೃತ್ತಿ ಅಲ್ಲ, ಪರಿಷ್ಕರಿಸಿದಾಗ ಮಾತ್ರ ಆವೃತ್ತಿ. ಹಳೇ ಪುಸ್ತಕದಲ್ಲಿ ಬರೀ ಸಂವತ್ಸರದ ಹೆಸರು ಇದ್ರೆ ಅದನ್ನೂ ಬರೆದು, ಪಕ್ಕದಲ್ಲಿ ಚೌಕ ಕಂಸದೊಳಗೆ ಇಸವಿ ಹಾಕಿ, ಖಾತ್ರಿ ಇಲ್ಲ ಅಂದ್ರೆ ಪ್ರಶ್ನೆ ಗುರುತಿನ ಜೊತೆ, [1938?] ಹೀಗೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರೋದ್ರಿಂದ ಕಾಗದ, ಅಚ್ಚು, ಮುನ್ನುಡಿ ನೋಡಿ ಯಾವ ಸುತ್ತಿನದು ಅಂತ ಗೊತ್ತುಮಾಡ್ಕೊಳ್ಳಿ.

ಹೆಸರುಗಳೇ ಕನ್ನಡ ಸೂಚಿಯ ದೊಡ್ಡ ತಲೆನೋವು. ಡಿ.ವಿ. ಗುಂಡಪ್ಪ ಅನ್ನೋದ್ರಲ್ಲಿ ಡಿ ಅಂದ್ರೆ ದೇವನಹಳ್ಳಿ, ವಿ ಅಂದ್ರೆ ತಂದೆ ವೆಂಕಟರಮಣಯ್ಯ, ಅವರ ಸ್ವಂತ ಹೆಸರು ಗುಂಡಪ್ಪ. ಹಾಗಾಗಿ ನಮೂದು "ಗುಂಡಪ್ಪ, ಡಿ.ವಿ." ಅಂತ. ಆದ್ರೆ ಓದುಗರು ಡಿವಿಜಿ ಅಂತಲೇ ಹುಡುಕೋದು, ಅದಕ್ಕೆ "ಡಿವಿಜಿ, ನೋಡಿ: ಗುಂಡಪ್ಪ, ಡಿ.ವಿ." ಅಂತ ಇನ್ನೊಂದು ಕಾರ್ಡ್. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರೇ ಲೇಖಕರ ಹೆಸರಾಗಿಬಿಟ್ಟಿದೆ, ಜೊತೆಗೆ ಅವರ ಕಾವ್ಯನಾಮ ಶ್ರೀನಿವಾಸ, ಅಲ್ಲಿಗೆ ಎರಡು "ನೋಡಿ" ಕಾರ್ಡ್ ಬೇಕು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಬಗ್ಗೆ ಪುಸ್ತಕ ಕೇಳೋರು "ಸಿದ್ಧಗಂಗಾ ಶ್ರೀಗಳು" ಅಂತಾರೆ, "ದೊಡ್ಡ ಬುದ್ಧಿಯವರು" ಅಂತಾರೆ, ತುಮಕೂರಲ್ಲಿ ಸೂಚಿ ಮಾಡೋರು ಈ ದಾರಿಗಳನ್ನೆಲ್ಲ ತೆರೆದಿಡಬೇಕು. ಯಾವ ರೂಪ ಆರಿಸಿದ್ರೂ ಪ್ರತಿ ಪುಸ್ತಕಕ್ಕೂ ಅದೇ ರೂಪ, ಅದಕ್ಕೆ ಪ್ರಮಾಣೀಕೃತ ಹೆಸರು ಅಂತಾರೆ.

ಹೆಸರಿನ ಮುಂದಿನ ಡಾ., ಪ್ರೊ., ಶ್ರೀ, ಶ್ರೀಮತಿ ನಮೂದಲ್ಲಿ ಬಿಟ್ಟುಬಿಡಿ. ಎಷ್ಟೋ ಲೈಬ್ರರಿಗಳಲ್ಲಿ ಅರ್ಧ ಲೇಖಕರು "ಡ" ಅಕ್ಷರದ ಕೆಳಗೆ ಕೂತಿರೋದು ಇದರಿಂದ. ಅಭಿನಂದನ ಗ್ರಂಥ, ಅಂದ್ರೆ ಮೂವತ್ತು ಜನ ಬರೆದಿರೋದು, ಶೀರ್ಷಿಕೆ ಕೆಳಗೆ ಮುಖ್ಯ ನಮೂದು (ಪೂರ್ತಿ ವಿವರ ಇರೋದು), ಸಂಪಾದಕರಿಗೆ ಹೆಚ್ಚುವರಿ ನಮೂದು (ಹುಡುಕೋಕೆ ಇನ್ನೊಂದು ದಾರಿ). ಯಾರಿಗಾಗಿ ಹೊರಬಂತೋ ಅವರನ್ನ ಲೇಖಕರ ಜಾಗದಲ್ಲಿ ಹಾಕಬೇಡಿ, ಅವರು ವಿಷಯ ಶೀರ್ಷಿಕೆಗೆ ಸೇರ್ತಾರೆ. ವಿಷಯ ಶೀರ್ಷಿಕೆ ಅಂದ್ರೆ ವಿಷಯದ ಗೊತ್ತಾದ ಪದ, ಒಂದು ಪಟ್ಟಿ ಮಾಡ್ಕೊಳ್ಳಿ, ಒಮ್ಮೆ "ಹೈನುಗಾರಿಕೆ" ಇನ್ನೊಮ್ಮೆ "ಹಸು ಸಾಕಣೆ" ಅಂತ ಬದಲಾಯಿಸ್ಬೇಡಿ.

8. ಕಂಪ್ಯೂಟರಿಗೆ ಹಾಕೋದು

ಕೊಹಾ ಅನ್ನೋ ಉಚಿತ ತಂತ್ರಾಂಶ ನ್ಯೂಜಿಲೆಂಡಲ್ಲಿ ಹುಟ್ಟಿದ್ದು, ಮಾವೋರಿ ಭಾಷೇಲಿ ಕೊಡುಗೆ ಅಂತ ಅರ್ಥ. ನಮ್ಮ ಕೇಂದ್ರ ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯ ಇನ್ನೊಂದು. ಕೊಹಾದಲ್ಲಿ ಮಾರ್ಕ್ ಅನ್ನೋ ನಮೂನೆ, ಪ್ರತಿ ವಿವರಕ್ಕೂ ಮೂರಂಕಿ ಗುರುತು: 020 ಐಎಸ್‌ಬಿಎನ್, 082 ಡ್ಯೂಯಿ ನಂಬರ್, 100 ಲೇಖಕರು, 245 ಶೀರ್ಷಿಕೆ, 300 ಪುಟ ಮತ್ತು ಎತ್ತರ, 650 ವಿಷಯ, 700 ಸಹಲೇಖಕರು, ಅನುವಾದಕರು. ಇವಿಷ್ಟು ಬಂದ್ರೆ ದಿನದ ಕೆಲಸ ನಡೀತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೂಚಿ ಯಾರು ಬೇಕಾದ್ರೂ ನೋಡಬಹುದು, ಕನ್ನಡ ಪುಸ್ತಕಗಳೂ ಬೇಕಾದಷ್ಟಿವೆ, ರೋಮನ್ ಲಿಪೀಲಿ ಹುಡುಕಿ, ನಿಮ್ಮ ನಂಬರ್ ಜೊತೆ ಹೋಲಿಸಿ ನೋಡಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಪಟ್ಟಿ ಬೇರೆ ಕಂಪ್ಯೂಟರಲ್ಲಿ ಗೊಜಲಾಗಿ ಕಾಣತ್ತೆ, ಹುಡುಕಿದ್ರೆ ಸಿಗಲ್ಲ, ಅಂಥ ಪಟ್ಟಿ ಇದ್ರೆ ಮೊದ್ಲು ಪರಿವರ್ತಿಸಿ ತಪ್ಪು ತಿದ್ದಿ ಆಮೇಲೆ ಸೇರಿಸಿ. ಗೊರೂರು-ಗೋರೂರು, ಕೃಷ್ಣ-ಕ್ರುಷ್ಣ ಇಂಥ ಒಂದೊಂದು ಅಕ್ಷರ ಆಚೀಚೆ ಆದ್ರೂ ಕಂಪ್ಯೂಟರಿಗೆ ಅದು ಬೇರೆ ಮನುಷ್ಯ. ಅನುಸ್ವಾರ ಇರೋ ಹೆಸರು ಮೊದ್ಲಾ ಆಮೇಲಾ ಅನ್ನೋದನ್ನೂ ಗೊತ್ತುಮಾಡಿ ಬರೆದಿಟ್ಕೊಳ್ಳಿ.

9. ಅಭ್ಯಾಸ, ತಿದ್ದುಪಡಿ

ಇಡೀ ಲೈಬ್ರರಿ ಒಟ್ಟಿಗೆ ಕೆಡವಬೇಡಿ. ಒಂದು ಬೀರು, ಮೊದ್ಲು ನಿಮ್ಮ ಊರೋರು ಹೆಚ್ಚು ಓದೋ ವಿಷಯ ತಗೊಳ್ಳಿ. ಇಪ್ಪತ್ತೈದು ಪುಸ್ತಕಕ್ಕೆ ನಂಬರ್ ಪೆನ್ಸಿಲಲ್ಲಿ ಹಾಕಿ, ಒಂದು ವಾರ ಬಿಟ್ಟು ನೋಡದೇ ಮತ್ತೆ ಹಾಕಿ, ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಎರಡನೇ ಹಂತದ ವಾಕ್ಯ ಸರಿಯಾಗಿ ಬರೆದಿಲ್ಲ ಅಂತ ಅರ್ಥ. ಗೆಳೆಯರೊಬ್ಬರ ಹತ್ರ ಅವೇ ಪುಸ್ತಕಕ್ಕೆ ನಂಬರ್ ಹಾಕಿಸಿ ನೋಡಿದ್ರೆ ಇನ್ನೂ ಒಳ್ಳೇದು.

ಆಮೇಲೆ ನಂಬರ್ ಬದಲಾಯಿಸ್ಬೇಕು ಅನ್ನಿಸಿದ್ರೆ ಬದಲಾಯಿಸಿ, ಆದ್ರೆ ಲೇಬಲ್, ಪುಸ್ತಕದ ಒಳಗೆ ಬರೆದಿದ್ದು, ರಿಜಿಸ್ಟರ್, ಸೂಚಿ, ನಾಲ್ಕು ಕಡೆನೂ ಅದೇ ದಿನ. ಪುಸ್ತಕ ಓದುಗರ ಮನೇಲಿದ್ರೆ ವಾಪಸ್ ಬರೋ ತನಕ ಯಾವ ಕಡೆನೂ ಮುಟ್ಟಬೇಡಿ, ತೀರ್ಮಾನದ ಪುಸ್ತಕದಲ್ಲಿ ಅಕ್ಸೆಷನ್ ನಂಬರ್ ಬರೆದಿಟ್ಟು, ಬಂದ ದಿನ ನಾಲ್ಕೂ ತಿದ್ದಿ ಗೆರೆ ಎಳೀರಿ.